ಬೆಂಗಳೂರಿಗೆ ಒಬ್ಬರೇ ಬರುವವರು ಯಾವ ಏರಿಯಾದಲ್ಲಿ ಮನೆ ಮಾಡಬೇಕು?

"ಅಕ್ಕಾ, ಮಲ್ಲೇಶ್ವರಂ ಛಲೋನೋ, ಎಚ್‌ಎಸ್‌ಆರ್ ಛಲೋನೋ? ಆಫೀಸು ಐಟಿಪಿಎಲ್ ಕಡೆ ಐತಿ. ಮನ್ಯಾಗ ಸೇಫ್ ಜಾಗಾ ನೋಡು ಅಂತಾರ. ನನಗ ಸಂಜಿ ಆದ್ರ ಬಿಕೋ ಅನ್ನಬಾರದು, ಅಷ್ಟ."

ರಾಣೆಬೆನ್ನೂರಿನಿಂದ ಚಿಕ್ಕಪ್ಪನ ಮಗಳು ಕಳಿಸಿದ ವಾಯ್ಸ್ ಮೆಸೇಜು. ಐಟಿಪಿಎಲ್ ಅಂದರೆ ವೈಟ್‌ಫೀಲ್ಡಿನ ಐಟಿ ಪಾರ್ಕು. ಇಂಥದ್ದು ವರ್ಷಕ್ಕೆ ನಾಲ್ಕಾದರೂ ಬರುತ್ತವೆ. ಒಂಬತ್ತು ವರ್ಷದ ಹಿಂದೆ ಹಾವೇರಿಯಿಂದ ಎರಡು ಬ್ಯಾಗು, ಒಂದು ರೊಟ್ಟಿ ಡಬ್ಬಿ ಹಿಡಿದು ಬಂದಿಳಿದವಳು ನಾನು. ಮೊದಲು ಬಿಟಿಎಂನ ಪೀಜಿ, ಆಮೇಲೆ ವಿಜಯನಗರದಲ್ಲಿ ಒಂದು ರೂಮು, ಈಗ ಮಲ್ಲೇಶ್ವರದಲ್ಲಿ ಮಹಡಿ ಮೇಲಿನ ಸಣ್ಣ ಮನೆ. ಹಾಗಾಗಿ ಮನೆಯ ಕಡೆ ಯಾರಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕರೂ ಮೊದಲ ಫೋನು ನನಗೇ. ಪ್ರತಿ ಸಲವೂ ಬಾಯಲ್ಲಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ.

ಮನೆಯವರು ಕೇಳುವುದು ಸೇಫ್ ಜಾಗ, ನಮಗೆ ಬೇಕಾದ್ದು ಗಿಜಿಗುಟ್ಟುವ ಜಾಗ. ಎರಡೂ ಬೇರೆ ಬೇರೆ ಅಂತ ನಾನೂ ಬಹಳ ದಿನ ನಂಬಿದ್ದೆ. ಅಮ್ಮನ ಲೆಕ್ಕದಲ್ಲಿ ಸೇಫ್ ಅಂದರೆ ದೊಡ್ಡ ಗೇಟು, ಸದ್ದಿಲ್ಲದ ರಸ್ತೆ, ಮರ್ಯಾದಸ್ತರ ಮನೆಗಳು. ಅಂಥ ರಸ್ತೆಯಲ್ಲಿ ರಾತ್ರಿ ಹತ್ತಕ್ಕೆ ಒಬ್ಬಳೇ ನಡೆದು ನೋಡಿದ ಮೇಲೆ ಗೊತ್ತಾಯಿತು: ಎಲ್ಲ ಗೇಟಿನ ಹಿಂದೆಯೂ ನಾಯಿ, ಎಲ್ಲ ಕಿಟಕಿಗೂ ಪರದೆ, ಕೂಗಿದರೆ ತೆಗೆಯುವ ಬಾಗಿಲು ಒಂದೂ ಇಲ್ಲ. ಅದೇ ಇಸ್ತ್ರಿ ಗಾಡಿ, ಹಾಲಿನ ಬೂತು, ಮೆಡಿಕಲ್ ಶಾಪು ಇರುವ ಗದ್ದಲದ ರಸ್ತೆಯಲ್ಲಿ ನಮ್ಮ ಮುಖ ಹದಿನೈದು ದಿನಕ್ಕೇ ನಾಲ್ಕು ಜನಕ್ಕೆ ಪರಿಚಯ. ಒಂಟಿಯಾಗಿ ಇರುವವರಿಗೆ ಆ ನಾಲ್ಕು ಜನವೇ ಕಾವಲು.

ಏರಿಯಾಗಳ ಹೆಸರು ಹಿಡಿಯುವ ಮೊದಲು ಯಾವುದರಿಂದ ಅಳೆಯಬೇಕು ಅನ್ನುವುದನ್ನು ಹೇಳಿಬಿಡುತ್ತೇನೆ.

ಅಳತೆಗೋಲು

ಎಲ್ಲಕ್ಕಿಂತ ಮೊದಲು ಕೊನೆಯ ಮುನ್ನೂರು ಹೆಜ್ಜೆ. ಬಸ್ ಸ್ಟಾಪಿನಿಂದಲೋ ಮೆಟ್ರೊ ಮೆಟ್ಟಿಲಿನಿಂದಲೋ ನಿಮ್ಮ ಗೇಟಿನವರೆಗೆ. ಇಡೀ ಏರಿಯಾಕ್ಕೆ ಎಂಥ ಒಳ್ಳೆಯ ಹೆಸರಿದ್ದರೂ ಈ ತುಂಡು ಕೆಟ್ಟದಿದ್ದರೆ ಆ ಮನೆ ಬೇಡ. ಇದನ್ನು ಹಗಲು ನೋಡಿ ಪ್ರಯೋಜನವಿಲ್ಲ. ಓನರ್ ಮಧ್ಯಾಹ್ನ ಹನ್ನೆರಡಕ್ಕೆ ಮನೆ ತೋರಿಸುತ್ತಾರೆ, ಆಗ ಎಲ್ಲ ರಸ್ತೆಯೂ ಚೆಂದವೇ. ರಾತ್ರಿ ಒಂಬತ್ತೂವರೆಗೆ ಇನ್ನೊಮ್ಮೆ ಹೋಗಿ. ಬೀದಿ ದೀಪ ಎಷ್ಟು ಉರಿಯುತ್ತಿವೆ, ಮರದ ಕೊಂಬೆ ದೀಪವನ್ನು ಮುಚ್ಚಿದೆಯೇ, ಎಷ್ಟು ಅಂಗಡಿ ಇನ್ನೂ ತೆರೆದಿವೆ, ಬೇರೆ ಹೆಂಗಸರು ಒಬ್ಬರೇ ನಡೆಯುತ್ತಿದ್ದಾರೆಯೇ ನೋಡಿ. ಕೊನೆಯ ಪ್ರಶ್ನೆಗೆ ಹೌದು ಅಂತಾದರೆ ಮಿಕ್ಕಿದ್ದಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ.

ಎರಡನೆಯದು ಆಫೀಸಿನ ದಾರಿ. ಕಿಲೋಮೀಟರ್ ಲೆಕ್ಕ ಬೆಂಗಳೂರಿನಲ್ಲಿ ನಡೆಯುವುದಿಲ್ಲ. ಎಷ್ಟು ಸಲ ಗಾಡಿ ಬದಲಿಸಬೇಕು ಅನ್ನುವುದೇ ಲೆಕ್ಕ. ಒಂದೇ ಮೆಟ್ರೊದಲ್ಲಿ ಒಂದು ಗಂಟೆ ಕೂತು ಹೋಗಬಹುದು, ಓದಬಹುದು, ತೂಕಡಿಸಬಹುದು. ಬಸ್ಸು, ಆಟೊ, ಮತ್ತೆ ಬಸ್ಸು ಅಂತ ಮುಕ್ಕಾಲು ಗಂಟೆ ಹೋದರೂ ಮೈ ಹಣ್ಣಾಗುತ್ತದೆ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ ಇದೆ. 2025ರ ಆಗಸ್ಟಿನಲ್ಲಿ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲಂತೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವವರ ಲೆಕ್ಕವೇ ಬದಲಾಯಿತು. 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ದೂರದ ಟಿಕೆಟು 90 ರೂಪಾಯಿ ಮುಟ್ಟಿತು, ಅದನ್ನೂ ತಿಂಗಳ ಬಾಡಿಗೆಯ ಜೊತೆ ಕೂಡಿಸಿ ನೋಡಬೇಕು. ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಪುಕ್ಕಟೆ. ಎಸಿ ಬಸ್ಸಿಗೆ ಅದು ನಡೆಯುವುದಿಲ್ಲ.

ಇನ್ನು ನನ್ನದೇ ಒಂದು ಅಳತೆ, ಊರಿನ ದಾರಿ. ತಿಂಗಳಿಗೆ ಎರಡು ಸಲ ಊರಿಗೆ ಹೋಗಿ ಭಾನುವಾರ ರಾತ್ರಿಯ ಬಸ್ಸು ಹತ್ತಿ ಸೋಮವಾರ ಬೆಳಗಿನ ಜಾವ ಬಂದಿಳಿಯುವ ನಮ್ಮಂಥವರಿಗೆ ಮಾತ್ರ ಇದು ಗೊತ್ತು. ಹೊರಗೆ ಇನ್ನೂ ಕತ್ತಲೆ, ಕೈಯಲ್ಲಿ ಬ್ಯಾಗು, ಅರೆನಿದ್ದೆ, ಸುತ್ತ ಆಟೊದವರು "ಎಲ್ಲಿಗೆ ಮೇಡಂ" ಅನ್ನುತ್ತಾರೆ. ವಾರದಲ್ಲಿ ಅತಿ ಅಸುರಕ್ಷಿತ ಹೊತ್ತು ಅಂತಿದ್ದರೆ ಅದೇ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಹಾಸನದ ಕಡೆಯಿಂದ ಬರುವ ಬಸ್ಸು ತುಮಕೂರು ರಸ್ತೆಯಲ್ಲಿ ಒಳಬರುತ್ತವೆ. ಗೊರಗುಂಟೆಪಾಳ್ಯ, ಯಶವಂತಪುರದಲ್ಲಿ ಇಳಿದರೆ ಹಸಿರು ಮಾರ್ಗದ ಮೆಟ್ರೊ ಅಲ್ಲೇ. ಮೈಸೂರು, ಮಂಡ್ಯ, ಮಡಿಕೇರಿಯವರಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ಅನುಕೂಲ, ಹತ್ತಿರದಲ್ಲೇ ನೇರಳೆ ಮಾರ್ಗ. ನಮ್ಮ ಹಾಗೆ ಊರಿನಿಂದ ಬರುವವರ ಗೋಳು ನೋಡಿಯೇ 2025ರ ಜನವರಿಯಿಂದ ಸೋಮವಾರ ಮಾತ್ರ ಮೆಟ್ರೊ ಬೆಳಗ್ಗೆ 4.15ಕ್ಕೇ ಹೊರಡುತ್ತದೆ. ಊರು ಪಶ್ಚಿಮದಲ್ಲಿದ್ದು ಮನೆ ಪೂರ್ವದ ಕೊನೆಯಲ್ಲಿ ಮಾಡಿದರೆ ಇಡೀ ನಗರವನ್ನು ಆ ಹೊತ್ತಿನಲ್ಲಿ ದಾಟಬೇಕು.

ಮತ್ತೆರಡನ್ನು ಬೇಗ ಹೇಳುತ್ತೇನೆ. ಜ್ವರ ಬಂದು ಮಲಗಿದ ದಿನ ಐವತ್ತು ಹೆಜ್ಜೆಯಲ್ಲಿ ಬಿಸಿ ಇಡ್ಲಿ, ಎಳನೀರು, ಮಾತ್ರೆ ಮೂರೂ ಸಿಗಬೇಕು. ಆ್ಯಪಿನಲ್ಲಿ ಎಲ್ಲ ತರಿಸಬಹುದು ಅನ್ನಬೇಡಿ. ಎರಡನೇ ದಿನ ನೀವು ಕಾಣಿಸದಿದ್ದರೆ "ಯಾಕಮ್ಮಾ ಬರ್ಲಿಲ್ಲ" ಅಂತ ಆ್ಯಪು ಕೇಳುವುದಿಲ್ಲ. ಇನ್ನೊಂದು ನೀರು. 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರನ್ನು ಕೇಳಿ ನೋಡಿ. ನಗರದ ಹಳೆಯ ಭಾಗಕ್ಕೆ ಕಾವೇರಿ ನೀರು ಮೊದಲಿನಿಂದ ಬರುತ್ತದೆ. ಹೊರವಲಯದ 110 ಹಳ್ಳಿಗಳಿಗಾಗಿ ಐದನೇ ಹಂತ ಶುರುವಾದದ್ದೇ 2024ರ ಅಕ್ಟೋಬರಿನಲ್ಲಿ. ಮನೆ ನೋಡುವಾಗ ಸಂಪಿನ ಮುಚ್ಚಳ ತೆಗೆಸಿ, ಕಾವೇರಿ ವಾರಕ್ಕೆ ಎಷ್ಟು ದಿನ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರದು ಅಂತ ನೇರವಾಗಿ ಕೇಳಿ. ಉತ್ತರ ಕೊಡಲು ಓನರ್ ತಡವರಿಸಿದರೆ ಅದೇ ಉತ್ತರ.

ಮಲ್ಲೇಶ್ವರ, ಬಸವನಗುಡಿ, ಜಯನಗರ

ನಾನು ಇಲ್ಲಿಯವಳಾದ್ದರಿಂದ ಪಕ್ಷಪಾತ ಇದ್ದೇ ಇದೆ, ಮೊದಲೇ ಒಪ್ಪಿಕೊಳ್ಳುತ್ತೇನೆ.

ಈ ಮನೆ ಹಿಡಿಯುವ ಮುಂಚೆ ಹದಿನೈದನೇ ಕ್ರಾಸಿನ ಹತ್ತಿರ ಒಂದು ಬುಧವಾರ ರಾತ್ರಿ ನಡೆದು ನೋಡಿದ್ದೆ. ಗಂಟೆ ಒಂಬತ್ತೂ ನಲವತ್ತು. ಹೂವಿನಾಕೆ ಮಿಕ್ಕ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಇಸ್ತ್ರಿಯಾತ ಕೆಂಡಕ್ಕೆ ನೀರು ಚಿಮುಕಿಸಿದಾಗ ಚುಂಯ್ ಅಂತ ಹೊಗೆ ಎದ್ದಿತು. ಎದುರು ಮನೆಯ ಜಗುಲಿಯ ಮೇಲೆ ಒಬ್ಬ ಅಜ್ಜ ಕಾಲು ಚಾಚಿ ರೇಡಿಯೊ ಹಚ್ಚಿ ಕೂತಿದ್ದರು. ನಾನು ಎರಡು ಸಲ ಅತ್ತಿಂದಿತ್ತ ಹೋದದ್ದನ್ನು ನೋಡಿ, "ಯಾರ ಮನೆ ಬೇಕಮ್ಮಾ?" ಅಂದರು. ಅಡ್ವಾನ್ಸ್ ಕೊಡಬೇಕು ಅಂತ ಅಲ್ಲೇ ತೀರ್ಮಾನಿಸಿದೆ. ಅಪರಿಚಿತಳನ್ನು ಎರಡೇ ಸುತ್ತಿಗೆ ಗುರುತಿಸುವ ರಸ್ತೆ ಅಪರಿಚಿತನನ್ನೂ ಗುರುತಿಸುತ್ತದೆ.

ಮಲ್ಲೇಶ್ವರ, ಬಸವನಗುಡಿ ಎರಡೂ 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ಜನ ತುಂಬಿದ ಬಡಾವಣೆಗಳು. ರಸ್ತೆ ನೇರ, ಕ್ರಾಸುಗಳಿಗೆ ನಂಬರು, ದಾರಿ ತಪ್ಪುವ ಭಯ ಇಲ್ಲ. ಆದರೆ ಮನೆಗಳ ಹಿಂಬದಿಯಲ್ಲಿ ಕನ್ಸರ್ವೆನ್ಸಿ ಓಣಿಗಳು, ಅಂದರೆ ಆ ಕಾಲದಲ್ಲಿ ಮಲ, ಕಸ ಸಾಗಿಸಲು ಬಿಟ್ಟ ಇಕ್ಕಟ್ಟಿನ ಓಣಿಗಳು, ಇನ್ನೂ ಇವೆ. ಹಗಲು ಒಳ್ಳೆಯ ಅಡ್ಡದಾರಿ, ರಾತ್ರಿ ಅಲ್ಲಿ ಬೆಕ್ಕೂ ಓಡಾಡುವುದಿಲ್ಲ. ಮ್ಯಾಪು ನಿಮ್ಮನ್ನು ಅದರೊಳಗೇ ಕಳಿಸುತ್ತದೆ, ನಂಬಬೇಡಿ. ಬಾಡಿಗೆ ಮನೆಯ ಬಾಗಿಲು ಓಣಿಯ ಕಡೆ ಇದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಊಟ, ತಿಂಡಿ, ತರಕಾರಿ, ಸಂಗೀತ ಯಾವುದಕ್ಕೂ ಇಲ್ಲಿ ಕೊರತೆಯಿಲ್ಲ. ಎಂಟನೇ ಕ್ರಾಸಿನ ಸಂಜೆ ಗದ್ದಲಕ್ಕೆ ಬಿಕೋ ಅನ್ನುವ ಮಾತೇ ಇಲ್ಲ. ಬಸವನಗುಡಿಯಲ್ಲಿ ಗಾಂಧಿ ಬಜಾರು, ನಡೆದು ಹೋಗುವಷ್ಟು ದೂರದಲ್ಲಿ ವಿ.ವಿ. ಪುರದ ತಿಂಡಿ ಬೀದಿ, ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ರಾತ್ರಿ ಒಂಬತ್ತಕ್ಕೂ ಹೆಂಗಸರು ಬಟ್ಟೆಬರೆ ಚೌಕಾಸಿ ಮಾಡುತ್ತಿರುತ್ತಾರೆ. ನಾಟಕದ ಹುಚ್ಚಿದ್ದವರು ಜಯನಗರದ ಕಡೆ ವಾಲಬಹುದು, ಜೆ.ಪಿ. ನಗರದ ರಂಗಶಂಕರ ಹತ್ತಿರ. ಅಲ್ಲಿ ಏಳೂವರೆ ಅಂದರೆ ಏಳೂವರೆ, ಒಂದು ನಿಮಿಷ ತಡವಾದರೂ ಬಾಗಿಲು ಹಾಕುತ್ತಾರೆ. ದೂರದಲ್ಲಿ ಮನೆ ಮಾಡಿ ನಾನು ಎರಡು ಟಿಕೆಟ್ ಕಳೆದುಕೊಂಡಿದ್ದೇನೆ.

ತೊಂದರೆ ಎಲ್ಲಿದೆ ಅಂದರೆ, ಮನೆ ಸಿಗುವುದರಲ್ಲಿ. "ಫ್ಯಾಮಿಲಿಗೆ ಮಾತ್ರ" ಅನ್ನುವ ಬೋರ್ಡು ಈ ಮೂರೂ ಕಡೆ ಹೆಚ್ಚು. ಬ್ಯಾಚುಲರ್ ಹುಡುಗರಿಗಂತೂ ಫೋನಿನಲ್ಲೇ ಇಲ್ಲ ಅನ್ನುತ್ತಾರೆ. ಹುಡುಗಿ ಅಂದರೆ ಸ್ವಲ್ಪ ಕರಗುತ್ತಾರೆ, ಕರಗಿದ ಮೇಲೆ ಪ್ರಶ್ನೆ ಶುರು: ನೀವು ಯಾವ ಜನ, ಮೊಟ್ಟೆ ತಿಂತೀರಾ, ಫ್ರೆಂಡ್ಸ್ ಬರ್ತಾರಾ, ರಾತ್ರಿ ಎಷ್ಟು ಗಂಟೆಗೆ ಬರ್ತೀರಾ? ನನಗೆ ಒಬ್ಬರು ಕೊನೆಗೆ "ನಮ್ ಮನೆಯವ್ರನ್ನ ಕೇಳಿ ಹೇಳ್ತೀನಿ" ಅಂದು ಇವತ್ತಿಗೂ ಹೇಳಿಲ್ಲ. ನೀವು ಮಾಂಸಾಹಾರಿಗಳಾದರೆ ಸುಳ್ಳು ಹೇಳಿ ಸೇರಿಕೊಳ್ಳಬೇಡಿ, ಮೀನು ಹುರಿಯುವ ವಾಸನೆಗೆ ವರ್ಷವಿಡೀ ಕಿಟಕಿ ಮುಚ್ಚಿಕೊಂಡು ಬದುಕಲಾಗದು. ಹಾಗೆ ಕೇಳದೆ ಕೊಡುವವರೂ ಇದ್ದಾರೆ, ಹುಡುಕಲು ಒಂದು ತಿಂಗಳು ಹೆಚ್ಚು ಹಿಡಿಯುತ್ತದೆ ಅಷ್ಟೆ.

ಸಣ್ಣ ಒನ್ ಬಿಎಚ್‌ಕೆಗೆ ಇಲ್ಲಿ ನಾನು, ನನ್ನ ಗೆಳತಿಯರು ಈಚೆಗೆ ಕೇಳಿದ ಬಾಡಿಗೆ ಹದಿನೆಂಟರಿಂದ ಇಪ್ಪತ್ತೆಂಟು ಸಾವಿರದ ನಡುವೆ. ಲಿಫ್ಟು ಇಲ್ಲದ ಹಳೇ ಕಟ್ಟಡದ ಎರಡನೇ ಮಹಡಿ ಒಪ್ಪಿಕೊಂಡರೆ ಇನ್ನೂ ಇಳಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಕೆಲಸವಾದರೆ ನನ್ನ ಮಾತು ಜಯನಗರಕ್ಕೆ. ಒಂದೇ ಸ್ಟೇಷನ್ ಹೋಗಿ ಆರ್‌.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಹತ್ತಿದರಾಯಿತು. ಹಳದಿ ಮಾರ್ಗ ಶುರುವಾದಾಗ ರೈಲು 25 ನಿಮಿಷಕ್ಕೊಂದಿತ್ತು, ಬರಬರುತ್ತ ಆ ಕಾಯುವಿಕೆ ಕಡಿಮೆಯಾಗಿದೆ. ಮಲ್ಲೇಶ್ವರದಿಂದ ವೈಟ್‌ಫೀಲ್ಡಿಗೆ ಮೆಜೆಸ್ಟಿಕ್‌ನಲ್ಲಿ ಒಂದು ಬದಲಾವಣೆ, ಬಾಗಿಲಿನಿಂದ ಬಾಗಿಲಿಗೆ ಒಂದೂಕಾಲು ಗಂಟೆಯ ಮೇಲೆ. ವಾರಕ್ಕೆ ಎರಡು ದಿನ ಆಫೀಸಾದರೆ ಸೈ, ಐದು ದಿನವಾದರೆ ಮೂರನೇ ತಿಂಗಳಿಗೆ ನನ್ನನ್ನು ಬೈಯುತ್ತೀರಿ.

ವಿಜಯನಗರ ಯಾಕೆ ಯಾರ ಪಟ್ಟಿಯಲ್ಲೂ ಇಲ್ಲ?

ಹೊರಗಿನಿಂದ ಬರುವವರಿಗೆ ಈ ಹೆಸರು ಯಾರೂ ಹೇಳುವುದಿಲ್ಲ. ನಾನು ಎರಡೂವರೆ ವರ್ಷ ಇದ್ದೆ, ಕಡಿಮೆ ದುಡ್ಡಿನಲ್ಲಿ ಅಷ್ಟು ನಿಶ್ಚಿಂತೆಯಾಗಿ ಬೇರೆಲ್ಲೂ ಇರಲಿಲ್ಲ.

ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟಿನ ಸುತ್ತ ಐಎಎಸ್, ಕೆಎಎಸ್ ಕೋಚಿಂಗ್ ಸೆಂಟರುಗಳು ಸಾಲಾಗಿವೆ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ರಾಯಚೂರು, ಕಲಬುರಗಿ, ಬೀದರ್, ಚಾಮರಾಜನಗರ ಎಲ್ಲ ಕಡೆಯಿಂದ ಬಂದು ಇಲ್ಲಿ ರೂಮು ಮಾಡುತ್ತಾರೆ. ಅವರಿಗಾಗಿ ರೀಡಿಂಗ್ ರೂಮು, ಜೆರಾಕ್ಸ್ ಅಂಗಡಿ, ಮೆಸ್ಸು, ಜೋಳದ ರೊಟ್ಟಿಯ ಖಾನಾವಳಿ ಹುಟ್ಟಿಕೊಂಡಿವೆ. ಅದರ ಲಾಭ ನಮಗೆ: ರಾತ್ರಿ ಹತ್ತಕ್ಕೂ ರಸ್ತೆಯಲ್ಲಿ ಪುಸ್ತಕ ಹಿಡಿದ ಹುಡುಗಿಯರು ಚಹಾ ಕುಡಿಯುತ್ತಾ ಆಧುನಿಕ ಇತಿಹಾಸ ಬಾಯಿಪಾಠ ಮಾಡುತ್ತಿರುತ್ತಾರೆ. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಪೊಲೀಸ್ ಬೀಟ್ ಇರಲಿಲ್ಲ. ಒಂಟಿ ಹುಡುಗಿಗೆ ಮನೆ ಕೊಡುವುದು ಇಲ್ಲಿಯ ಓನರುಗಳಿಗೆ ಹೊಸತೇನಲ್ಲ, ಹಾಗಾಗಿ ಪ್ರಶ್ನೆಯೂ ಕಡಿಮೆ. ಪುಟ್ಟ ಒನ್ ಬಿಎಚ್‌ಕೆ ಹನ್ನೆರಡರಿಂದ ಹದಿನೆಂಟು ಸಾವಿರಕ್ಕೆ ಸಿಗುತ್ತದೆ, ಸಿಂಗಲ್ ರೂಮು ಇನ್ನೂ ಕಡಿಮೆಗೆ. ನೇರಳೆ ಮಾರ್ಗ ಮನೆ ಮುಂದೆ. ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್, ವಿಧಾನಸೌಧದ ಕಡೆ ಆಫೀಸು ಇದ್ದವರು ಕಣ್ಣುಮುಚ್ಚಿ ಇಲ್ಲಿಗೆ ಬರಬಹುದು.

ಕೊರತೆ? ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಿವೆ. ನನ್ನ ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆಯ ಒಗ್ಗರಣೆ ಡಬ್ಬಿ ಸಿಗುತ್ತಿತ್ತು. ಬಿಸಿಲು ಬೇಕು ಅನ್ನುವವರು ಮೇಲಿನ ಮಹಡಿಯನ್ನೇ ಹಿಡಿಯಿರಿ. ಕೆಫೆ, ಪಬ್ಬು, ಹೊಸ ಜನರ ಸಹವಾಸ ಬೇಕೆಂದರೆ ಈ ಕಡೆ ಕಡಿಮೆ, ನಗರದ ಆ ತುದಿಗೇ ಹೋಗಬೇಕು.

ಇಂದಿರಾನಗರ, ಮತ್ತು ಅದರ ಬಡ ನೆಂಟರು

ದುಡ್ಡಿದ್ದರೆ ಇಂದಿರಾನಗರ. 2011ರಲ್ಲಿ ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದೇ ಈ ದಾರಿಯಲ್ಲಿ, ಈಗ ಅದೇ ರೈಲಿನಲ್ಲಿ ಬದಲಿಸದೆ ವೈಟ್‌ಫೀಲ್ಡ್ ತಲುಪಬಹುದು. ನೂರಡಿ ರಸ್ತೆ, ಹನ್ನೆರಡನೇ ಮೇನು ರಾತ್ರಿ ಹನ್ನೊಂದಕ್ಕೂ ಬೆಳಕು. ಆದರೆ ಆ ಬೆಳಕಿನ ಬಗ್ಗೆ ಒಂದು ಮಾತು: ಕುಡಿದು ಹೊರಬರುವವರ ಗದ್ದಲ ಬೇರೆ, ಹಾಲು ತರಕಾರಿ ಕೊಳ್ಳುವವರ ಗದ್ದಲ ಬೇರೆ. ವಾರಾಂತ್ಯದ ರಾತ್ರಿ ಪಬ್ಬು ಮುಚ್ಚುವ ಹೊತ್ತಿಗೆ ಪಕ್ಕದ ಕ್ರಾಸುಗಳಲ್ಲಿ ನಿಂತ ಕಾರುಗಳ ನಡುವೆ ನಡೆಯುವುದು ನನಗೆ ಎಂದೂ ಹಿತವೆನಿಸಿಲ್ಲ. ಮನೆ ನೋಡುವವರು ಶನಿವಾರ ರಾತ್ರಿ ನೋಡಿ. ಒನ್ ಬಿಎಚ್‌ಕೆ ಬಾಡಿಗೆ ಇಪ್ಪತ್ತೈದು ಸಾವಿರದಿಂದ ಶುರುವಾಗಿ ನಲವತ್ತರ ತನಕ ಕೇಳುತ್ತಾರೆ.

ಅಷ್ಟು ಕೊಡಲಾಗದವರು ಒಂದು ಸ್ಟೇಷನ್ ಹಿಂದೆ ಇಳಿಯಿರಿ, ಹಲಸೂರು. ಸೋಮೇಶ್ವರ ದೇವಸ್ಥಾನ, ಹಳೆಯ ಮಾರ್ಕೆಟ್ಟು, ಬೆಳಗ್ಗೆ ಐದಕ್ಕೇ ಏಳುವ ಬೀದಿ, ಕನ್ನಡ ತಮಿಳು ಎರಡೂ ಕಲಸಿಕೊಂಡ ಮಾತು. ಮನೆಗಳು ಚಿಕ್ಕವು, ಪಾರ್ಕಿಂಗ್ ಮರೆತುಬಿಡಿ, ಸೊಳ್ಳೆ ಉಂಟು. ಬಾಡಿಗೆ ಮಾತ್ರ ಇಂದಿರಾನಗರದ ಎದುರು ಎಷ್ಟೋ ವಾಸಿ, ಮೆಟ್ರೊ ಅದೇ.

ಕೋರಮಂಗಲ, ಎಚ್‌ಎಸ್‌ಆರ್, ಬಿಟಿಎಂ

ವಯಸ್ಸು ಇಪ್ಪತ್ತಮೂರು, ಮೊದಲ ಕೆಲಸ, ಗೆಳೆಯರು ಬೇಕು ಅನ್ನುವವರಿಗೆ ಈ ಮೂರರಷ್ಟು ಸುಲಭದ ಜಾಗ ಇಲ್ಲ. ಸ್ಟಾರ್ಟಪ್ ಆಫೀಸುಗಳು ಕಾಲ್ನಡಿಗೆಯಲ್ಲಿ, ಒಂಟಿ ಇರುವುದು ಯಾರಿಗೂ ವಿಶೇಷವೇ ಅಲ್ಲ, ಓನರು ಜಾತಿ ಕೇಳುವುದಿಲ್ಲ, ಕಂಪನಿ ಯಾವುದು ಅಂತ ಕೇಳುತ್ತಾರೆ. ಕೋರಮಂಗಲ ದುಬಾರಿ. ಎಚ್‌ಎಸ್‌ಆರ್‌ನ ಸೆಕ್ಟರುಗಳು ಅಗಲ, ಮರಗಳಿವೆ, 27ನೇ ಮೇನಿನ ಸುತ್ತ ತಡರಾತ್ರಿಯವರೆಗೂ ಜನ, ಒಳಗಿನ ಕ್ರಾಸುಗಳು ಮಾತ್ರ ಒಂಬತ್ತಕ್ಕೇ ಮಲಗುತ್ತವೆ. ಬಿಟಿಎಂ ಇಬ್ಬರಿಗಿಂತ ಅಗ್ಗ, ಇಬ್ಬರಿಗಿಂತ ಇಕ್ಕಟ್ಟು. ಕೋರಮಂಗಲದೊಳಗೆ ಮೆಟ್ರೊ ಇಲ್ಲ. ಬಿಟಿಎಂ ಮತ್ತು ಎಚ್‌ಎಸ್‌ಆರ್‌ನ ಅಂಚಿಗೆ ಈಗ ಹಳದಿ ಮಾರ್ಗ ಬಂದಿದೆ, ಸಿಲ್ಕ್ ಬೋರ್ಡ್, ಬೊಮ್ಮನಹಳ್ಳಿ ಸ್ಟೇಷನ್ನಿನಿಂದ ನಡೆಯುವ ದೂರದಲ್ಲಿ ಮನೆ ಸಿಕ್ಕರೆ ಬಿಡಬೇಡಿ. ಬೆಳ್ಳಂದೂರು, ಮಾರತ್ತಹಳ್ಳಿಯ ಕಡೆ ಆಫೀಸಿದ್ದರೆ ಹೊರವರ್ತುಲ ರಸ್ತೆಯ ನೀಲಿ ಮಾರ್ಗ ಇನ್ನೂ ಕಟ್ಟುತ್ತಿದ್ದಾರೆ, ಅಲ್ಲಿಯವರೆಗೆ ಬಸ್ಸೇ ಗತಿ.

ಪೀಜಿಗಳ ರಾಜಧಾನಿಯೂ ಇದೇ. ನನ್ನ ಮೊದಲ ಪೀಜಿಯ ಕಥೆ ಹೇಳಿಬಿಡುತ್ತೇನೆ. ಹೋಗಿದ್ದು ಹಗಲು, ಕಿಟಕಿಗೆ ಹೊಸ ಪರದೆ ಹಾಕಿದ್ದರು, ಸರಿಸಿ ನೋಡಬೇಕೆಂದು ಹೊಳೆಯಲಿಲ್ಲ. ದುಡ್ಡು ಕಟ್ಟಿದ ಮೇಲೆ ಸರಿಸಿದರೆ ಒಂದು ಗೇಣು ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಮೂವರಿಗೆ ಒಂದು ರೂಮು, ಬಾಗಿಲ ಚಿಲಕ ಒಳಗಿನಿಂದ ಅರ್ಧ ಮಾತ್ರ ಕೂರುತ್ತಿತ್ತು. ಸರಿ ಮಾಡಿಸಿ ಅಂತ ನಾಲ್ಕು ಸಲ ಹೇಳಿದೆ, ಐದನೇ ಸಲ ಹಾರ್ಡ್‌ವೇರ್ ಅಂಗಡಿಯಿಂದ ನಾನೇ ನಲವತ್ತು ರೂಪಾಯಿಯ ಬೋಲ್ಟು ತಂದು ಹಾಕಿಸಿದೆ. ಬಿಡುವಾಗ ಅಡ್ವಾನ್ಸಿನಲ್ಲಿ "ಮೇಂಟೆನೆನ್ಸ್" ಅಂತ ಎರಡು ಸಾವಿರ ಮುರಿದುಕೊಂಡರು. ಆಗ ಅಮ್ಮನಿಗೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದೆ. ಆಕೆ "ಒಬ್ಬಾಕಿನೇ ಹೆಂಗ ಇರ್ತೀಯವಾ" ಅಂದಾಗಲೆಲ್ಲ ಆ ಚಿಲಕ ಕಣ್ಣ ಮುಂದೆ ಬರುತ್ತಿತ್ತು.

ಈಗ ಪರಿಸ್ಥಿತಿ ಸ್ವಲ್ಪ ಬೇರೆ. 2024ರ ಆಗಸ್ಟಿನಲ್ಲಿ ಪಾಲಿಕೆ ಪೀಜಿಗಳಿಗೆ ನಿಯಮ ಹೊರಡಿಸಿತು: ಪ್ರವೇಶದಲ್ಲಿ ಸಿಸಿಟಿವಿ, ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಹಗಲಿರುಳು ಕಾವಲಿನವರು. ನಿಯಮ ಇದೆ ಅಂದ ಮಾತ್ರಕ್ಕೆ ಪಾಲನೆ ಆಗುತ್ತದೆ ಅಂತಲ್ಲ. "ಲೈಸೆನ್ಸ್ ತೋರಿಸ್ತೀರಾ ಸರ್" ಅಂತ ಕೇಳಲು ನಿಮಗೊಂದು ದಾರಿ ಸಿಕ್ಕಿದೆ. ಪರದೆ ಸರಿಸಿ, ಚಿಲಕ ಹಾಕಿ ನೋಡಿ, ಅಲ್ಲಿರುವ ಹುಡುಗಿಯೊಬ್ಬಳನ್ನು ಓನರ್ ಇಲ್ಲದಾಗ ಮಾತಾಡಿಸಿ. ಅಡ್ವಾನ್ಸ್ ವಾಪಸ್ ಕೊಟ್ಟಿದ್ದಾರೆಯೇ ಅಂತ ಬಿಟ್ಟು ಹೋದವರನ್ನೇ ಕೇಳುವುದು ಇನ್ನೂ ಉತ್ತಮ.

ವೈಟ್‌ಫೀಲ್ಡ್

ಐಟಿಪಿಎಲ್ ಪಕ್ಕದಲ್ಲೇ ಆಫೀಸು, ದಿನಾ ಹೋಗಬೇಕು, ಪಾಳಿ ಕೆಲಸ ಅಂತಾದರೆ ಇಲ್ಲೇ ಇರಿ, ಹೆಚ್ಚು ಯೋಚಿಸಬೇಡಿ. ಗೇಟು, ಸೆಕ್ಯುರಿಟಿ, ಲಿಫ್ಟು ಇರುವ ಅಪಾರ್ಟ್‌ಮೆಂಟಿನಲ್ಲಿ ಒಳಗಿದ್ದಷ್ಟು ಹೊತ್ತು ಭಯವಿಲ್ಲ. ಗೇಟಿನ ಹೊರಗೆ ಬಂದರೆ ಫುಟ್‌ಪಾತಿಲ್ಲದ ರಸ್ತೆ, ಟ್ಯಾಂಕರುಗಳ ಓಟ, ಖಾಲಿ ಸೈಟುಗಳು. ಅಪಾರ್ಟ್‌ಮೆಂಟಿನ ಜೀವ ಎಲ್ಲ ಗೇಟಿನೊಳಗೆ ಇರುವುದರಿಂದ ರಸ್ತೆಗೆ ಯಾರೂ ಇಲ್ಲ. ಹಳೆಯ ಕಾಡುಗೋಡಿ ಪೇಟೆಯ ಕಡೆ ಅಥವಾ ಹೂಡಿಯ ಊರಿನೊಳಗೆ ನೋಡಿದರೆ ಅಂಗಡಿ ಮುಂಗಟ್ಟು, ದೇವಸ್ಥಾನ, ಮನುಷ್ಯರು ಸಿಗುತ್ತಾರೆ, ಕನ್ನಡವೂ ಸಿಗುತ್ತದೆ. ನನ್ನ ಗೆಳತಿಯೊಬ್ಬಳು ಅಲ್ಲಿಯ ದೊಡ್ಡ ಸೊಸೈಟಿಯಲ್ಲಿ ನಾಲ್ಕು ತಿಂಗಳಿದ್ದು, ತಾನು ಕನ್ನಡದಲ್ಲಿ ಮಾತಾಡಿದ್ದು ಫೋನಿನಲ್ಲಿ ಮಾತ್ರ ಅಂತ ಲೆಕ್ಕ ಹಾಕಿ ಅತ್ತಳು. ಸಣ್ಣ ಸಂಗತಿ ಅನಿಸಬಹುದು. ಒಂಟಿಯಾಗಿರುವಾಗ ಸಣ್ಣದಲ್ಲ.

ಮಾನ್ಯತಾ ಟೆಕ್ ಪಾರ್ಕಿನವರಿಗೆ ಒಂದೇ ಸಾಲು: ಕಲ್ಯಾಣನಗರ, ಕಮ್ಮನಹಳ್ಳಿ. ಸಂಜೆ ರಸ್ತೆ ತುಂಬ ಜನ, ತಿನ್ನಲು ಬೇಕಾದ್ದೆಲ್ಲ ಇದೆ, ಆ ಕಡೆ ಮೆಟ್ರೊ ಇನ್ನೂ ಬಂದಿಲ್ಲ.

ದುಡ್ಡಿನ ಮಾತು

ಬೆಂಗಳೂರಿನಲ್ಲಿ ಬಾಡಿಗೆಗಿಂತ ಹೆದರಿಸುವುದು ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆ ಕೇಳುವ ಹಳೇ ಪದ್ಧತಿ ಕೆಲವು ಓನರುಗಳಲ್ಲಿ ಇನ್ನೂ ಇದೆ. ಐದಾರು ತಿಂಗಳಿಗೆ ಒಪ್ಪಿಸಬಹುದು, ಅಪಾರ್ಟ್‌ಮೆಂಟುಗಳಲ್ಲಿ ಇನ್ನೂ ಕಡಿಮೆಗೂ ಆಗುತ್ತದೆ. ಬಾಡಿಗೆಯಲ್ಲಿ ಸಾವಿರ ಇಳಿಸಿ ಅನ್ನುವ ಬದಲು ಅಡ್ವಾನ್ಸು ಇಳಿಸಿ ಅಂತ ಚೌಕಾಸಿ ಮಾಡಿ, ಅದು ಸುಲಭ. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಪೇಂಟಿಂಗ್‌ಗೆ ಎಷ್ಟು ಮುರಿಯುತ್ತಾರೆ, ಎಷ್ಟು ದಿನ ಮೊದಲು ಹೇಳಿ ಬಿಡಬೇಕು, ಅಡ್ವಾನ್ಸು ಎಷ್ಟು ದಿನದಲ್ಲಿ ವಾಪಸ್ ಅನ್ನುವ ಮೂರು ಸಾಲು ಬರೆಸಿಕೊಳ್ಳಿ. ಕರೆಂಟಿಗೆ ಪ್ರತ್ಯೇಕ ಮೀಟರ್ ಇದ್ದರೆ ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆ, ಒಬ್ಬರೇ ಇರುವವರ ಬಿಲ್ಲು ಸೊನ್ನೆ ಆಗುವುದು ಕಷ್ಟವೇನಲ್ಲ. ಸಬ್‌ಮೀಟರ್ ಹಾಕಿ ಯೂನಿಟ್ಟಿಗೆ ಇಷ್ಟು ಅಂತ ಓನರೇ ವಸೂಲಿ ಮಾಡಿದರೆ ಆ ಲಾಭ ಹೋಯಿತು.

ಊರಿನಲ್ಲೇ ಕೂತು ಫೋಟೊ ನೋಡಿ ಟೋಕನ್ ಹಣ ಕಳಿಸಬೇಡಿ. "ನಾನು ಆರ್ಮಿಯಲ್ಲಿದೀನಿ, ಟ್ರಾನ್ಸ್‌ಫರ್ ಆಗಿದೆ, ಗೇಟ್ ಪಾಸಿಗೆ ಐದು ಸಾವಿರ ಹಾಕಿ" ಅನ್ನುವವನು ಓನರಲ್ಲ. ಈಗಾಗಲೇ ಹಾಕಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬಂದ ಮೇಲೆ ಹದಿನೈದು ದಿನಕ್ಕೋ ತಿಂಗಳಿಗೋ ಪೀಜಿ ಹಿಡಿದು, ಅಲ್ಲಿಂದ ಮನೆ ಹುಡುಕುವುದೇ ಸರಿಯಾದ ಕ್ರಮ. ಮನೆಯವರು ಎರಡೆರಡು ಸಲ ಸಾಮಾನು ಸಾಗಿಸುವುದು ದಂಡ ಅನ್ನುತ್ತಾರೆ. ಹನ್ನೊಂದು ತಿಂಗಳು ತಪ್ಪು ಮನೆಯಲ್ಲಿ ಕಳೆಯುವ ದಂಡ ಅವರಿಗೆ ಗೊತ್ತಿಲ್ಲ. ಸುತ್ತಾಡುವಾಗ 112 ಫೋನಿನಲ್ಲಿರಲಿ, ಪೊಲೀಸರ ಹೊಯ್ಸಳ ಗಾಡಿ ಬರುವುದು ಆ ಕರೆಗೇ.

ಹಾಗಾದರೆ ನನ್ನ ತಂಗಿ?

ದುಡ್ಡು ತಿಂಗಳಿಗೆ ಹದಿನೆಂಟು ಸಾವಿರ ಮೀರಬಾರದು, ಆಫೀಸು ಪಟ್ಟಂದೂರು ಅಗ್ರಹಾರ ಮೆಟ್ರೊ ಎದುರು, ವಾರಕ್ಕೆ ನಾಲ್ಕು ದಿನ. ಎಚ್‌ಎಸ್‌ಆರ್ ಮೊದಲೇ ಬಿತ್ತು, ಅಲ್ಲಿಂದ ಐಟಿಪಿಎಲ್‌ಗೆ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಹೋಗಬೇಕು. ಮಲ್ಲೇಶ್ವರಕ್ಕೆ ಅವಳನ್ನು ಎಳೆದುಕೊಳ್ಳುವ ಆಸೆ ನನಗಿತ್ತು, ನನ್ನ ಪಕ್ಕದಲ್ಲೇ ಇರುತ್ತಾಳೆ ಅಂತ. ನಾಲ್ಕು ದಿನ ಎರಡೂವರೆ ಗಂಟೆ ರೈಲು ಅಂದಾಗ ಬಾಯಿ ಮುಚ್ಚಿಕೊಂಡೆ. ವಿಜಯನಗರ, ಹಲಸೂರು, ಹೂಡಿ ಮೂರು ಉಳಿದವು. ಮೂರು ರಾತ್ರಿ ಮೂರು ಕಡೆ ಇಬ್ಬರೂ ನಡೆದೆವು. ವಿಜಯನಗರ ಅವಳಿಗೆ ಹಿಡಿಸಿತು, ರೊಟ್ಟಿ ತಿಂದು ಕಣ್ಣರಳಿಸಿದಳು, ಆದರೆ ಅಲ್ಲಿಂದಲೂ ರೈಲಿನಲ್ಲಿ ಒಂದು ಗಂಟೆಯ ಮೇಲೆ. ಹೂಡಿಯಲ್ಲಿ ಮನೆ ದೊಡ್ಡದಿತ್ತು, ಸ್ಟೇಷನ್ನಿನಿಂದ ಬರುವ ದಾರಿಯಲ್ಲಿ ಎರಡು ದೀಪ ಸತ್ತಿದ್ದವು, ನಾಲ್ಕು ನಾಯಿ ನಮ್ಮ ಹಿಂದೆ ಬಂದವು.

ಹಲಸೂರಿನಲ್ಲಿ ನೋಡಿದ್ದು ಒಂದು ಹೊಲಿಗೆ ಅಂಗಡಿಯ ಮೇಲಿನ ರೂಮು, ಪುಟ್ಟ ಅಡುಗೆಮನೆ, ಹದಿನೇಳು ಸಾವಿರ. ಅಂಗಡಿಯ ಅಮ್ಮ ರಾತ್ರಿ ಹತ್ತರವರೆಗೆ ಮೆಷಿನ್ ತುಳಿಯುತ್ತಾರಂತೆ. ತಂಗಿ ಮೇಲೆ ಹೋಗಿ ಚಿಲಕ ಎರಡು ಸಲ ಹಾಕಿ ತೆಗೆದಳು, ಕಿಟಕಿಯ ಪರದೆ ಸರಿಸಿದಳು. ಅಡ್ವಾನ್ಸು ಎಂಟು ತಿಂಗಳಿನದು ಕೇಳಿದ್ದರು, ಐದಕ್ಕೆ ಇಳಿಸಿದಳು. ಸಂಪಿನ ಮುಚ್ಚಳ ತೆಗೆಸುವುದನ್ನು ಮರೆತಿದ್ದಳು, ಮರುದಿನ ಮತ್ತೆ ಹೋಗಿ ತೆಗೆಸಿದಳು.